ಪದ ತಮ್ಮಣ್ಣನದು, ದನಿ ಯಾರದು?

ಈಚೆಗೆ ಮಹಾಲಿಂಗಪುರದಲ್ಲಿ ಒಂದು ರಾತ್ರಿ 'ಶ್ರೀಕೃಷ್ಣ ಪಾರಿಜಾತ'ದ ಆಟ ನೋಡಿದೆ. ಬೆಲ್ಲದ ಪೇಟೆಗೂ ನೇಕಾರಿಕೆಗೂ ಹೆಸರಾದ ಈ ಊರಿನಲ್ಲಿ ಆಟಕ್ಕೆ ಕೂಡುವ ಜನಕ್ಕೆ ಇಂದಿಗೂ ಬರವಿಲ್ಲ. ಸತ್ಯಭಾಮೆಯ ಪಾತ್ರ ವಹಿಸಿದ್ದವರಿಗೆ ಅರವತ್ತು ದಾಟಿರಬೇಕು. ಮುನಿಸಿನ ಪದ ಹಾಡುವಾಗ ಅವರು ಒಂದೇ ನುಡಿಯನ್ನು ಮೂರು ಸಲ ಮೂರು ಬಗೆಯಾಗಿ ತಿರುಗಿಸಿದರು. ಮೊದಲ ಸಲ ಸಿಟ್ಟು, ಎರಡನೆಯ ಸಲ ನಾಚಿಕೆ, ಕೊನೆಗೆ ಬರಿಯ ದಣಿವು. ಆ ದಣಿವು ಯಾವ ಅಚ್ಚಾದ ಪುಸ್ತಕದಲ್ಲಿಯೂ ಇಲ್ಲ.

ಬೆಳಗಿನ ಜಾವ ಚಹಾ ಕುಡಿಯುತ್ತ ಕೇಳಿದೆ: "ಅವ್ವಾರ, ಆ ಪದ ಯಾರದು?"

"ಪದಾ ತಮ್ಮಣ್ಣಂದ್ರೀ. ಧಾಟಿ ನಮ್ಮ ಗುರುಗೋಳದು. ದನಿ ನಂದು" ಎಂದರು. ಆಮೇಲೆ ನಕ್ಕು, "ಕ್ಯಾಸೆಟ್ಟು ಮಾತ್ರ ಯಾರದೋ ಏನೋ" ಎಂದು ಸೇರಿಸಿದರು.

ಆ ಕ್ಯಾಸೆಟ್ಟಿನ ಕಥೆ ದೊಡ್ಡದಲ್ಲ. 1998ರ ಸುಮಾರಿಗೆ ಯಾರೋ ಒಬ್ಬರು ಬಂದು ಇಡಿಯ ಮೇಳವನ್ನು ಒಂದು ರಾತ್ರಿ ಹಾಡಿಸಿ, ಕೈಗಿಷ್ಟು ಕೊಟ್ಟು, ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡು ಹೋದರಂತೆ. ಹೊದಿಕೆಯ ಮೇಲೆ ಕೃಷ್ಣನ ಚಿತ್ರವಿತ್ತು, ಮಾರುವವರ ಹೆಸರಿತ್ತು, ಹಾಡಿದವರ ಹೆಸರಿರಲಿಲ್ಲ. ಈಗ ಅದೇ ಹಾಡು ಊರಿನ ಹುಡುಗರ ಮೊಬೈಲಿನಲ್ಲಿದೆ, ಅಲ್ಲಿಯೂ ಹೆಸರಿಲ್ಲ.

'ಯಾರದು' ಎಂಬ ಪ್ರಶ್ನೆ ಪಾರಿಜಾತಕ್ಕೆ ಹೊಸತಲ್ಲ. ನಾರದ ತಂದ ಹೂವು ರುಕ್ಮಿಣಿಗೆ ಸಂದಿತೆಂದು ಭಾಮೆ ಮುನಿಯುತ್ತಾಳೆ. ಕಥೆಯೇ ಒಂದು ಹೂವಿನ ಹಕ್ಕಿನ ಜಗಳ. ಕೃತಿಯ ಕರ್ತೃತ್ವದಲ್ಲಿಯೂ ಅದೇ ತೊಡಕು. ತಮ್ಮಣ್ಣನೆಂದರೆ ಯಾವ ತಮ್ಮಣ್ಣ? ಮೊದಲು ರಚಿಸಿದವನು ಅಪರಾಳ ತಮ್ಮಣ್ಣ. ಅದನ್ನು ತಿದ್ದಿ, ರಂಗಕ್ಕೆ ಹೊಂದಿಸಿ ನಮ್ಮ ಸೀಮೆಯ ಆಟವನ್ನಾಗಿ ಮಾಡಿದವನು ಕುಲಗೋಡ ತಮ್ಮಣ್ಣ. ಮುಂದೆ ಕೌಜಲಗಿ ನಿಂಗಮ್ಮನಂಥವರು ಭಾಮೆಯ ಪಾತ್ರಕ್ಕೆ ತಮ್ಮ ಕಂಠವನ್ನೇ ಕೊಟ್ಟರು. ನಮ್ಮ ಸಾಹಿತ್ಯ ಚರಿತ್ರೆಗಳು ಇಬ್ಬರು ತಮ್ಮಣ್ಣರನ್ನು ಬೇರ್ಪಡಿಸಲು ಪುಟಗಟ್ಟಲೆ ಶ್ರಮಿಸಿವೆ. ಹಾಡಿದವರಿಗೆ ಸಿಕ್ಕದ್ದು ಹೆಚ್ಚೆಂದರೆ ಒಂದು ವಾಕ್ಯ.

ಇನ್ನೊಬ್ಬರ ಕೃತಿಯನ್ನು ತಿದ್ದಿದವನಿಗೆ, ಪರಂಪರೆಯನ್ನು ಮಾರ್ಪಡಿಸಿದವನಿಗೆ ಹಕ್ಕುಂಟೆ? ಈ ಪ್ರಶ್ನೆ ಕನ್ನಡದ ಒಂದು ಕಲೆಯನ್ನೇ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಶಿವರಾಮ ಕಾರಂತರು ಯಕ್ಷಗಾನದ ಮಾತನ್ನು ಕಳಚಿ, ರಾಗ, ತಾಳ, ವೇಷ, ರಂಗಸಜ್ಜಿಕೆಗಳನ್ನು ಬದಲಿಸಿ 'ಯಕ್ಷರಂಗ'ವನ್ನು ರೂಪಿಸಿದ್ದು ಓದುಗರಿಗೆ ತಿಳಿದೇ ಇದೆ. ಅದಕ್ಕಾಗಿ 'ಭೀಷ್ಮ ವಿಜಯ', 'ನಳ ದಮಯಂತಿ', 'ಪಂಚವಟಿ' ಮೊದಲಾದ ಏಳು ಪ್ರಸಂಗಗಳನ್ನೂ ಸಿದ್ಧಪಡಿಸಿದರು. 1994ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಬಿ. ಮಾಲಿನಿ ಮಲ್ಯರಿಗೆ ಬರೆದಿಟ್ಟು 1997ರಲ್ಲಿ ತೀರಿಕೊಂಡರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದಿಲ್ಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಅವರ ಅನುಮತಿಯಿಲ್ಲದೆ ಆಡಿಸಿತೆಂದು ದಾವೆ ಹೂಡಲಾಯಿತು. ಕಾರಂತರು ಈ ಕೆಲಸ ಮಾಡಿದ್ದು ನಮ್ಮ ಸಂಸ್ಥೆಯ ಆಶ್ರಯದಲ್ಲಿ, ನಮ್ಮ ಹಣದಲ್ಲಿ ಎಂಬುದು ಅಕಾಡೆಮಿಯ ವಾದ. ಉಡುಪಿಯ ನ್ಯಾಯಾಲಯದಲ್ಲಿಯೂ ಹೈಕೋರ್ಟಿನಲ್ಲಿಯೂ ಅದು ನಿಲ್ಲಲಿಲ್ಲ. 2009ರ ಜನವರಿ 23ರಂದು ಸುಪ್ರೀಂ ಕೋರ್ಟು ಹಕ್ಕನ್ನು ಎತ್ತಿಹಿಡಿದು, ಕಾಯಿದೆಯೇ ಕೊಟ್ಟ ವಿನಾಯಿತಿಗಳು ಮಾತ್ರ ಅಕಾಡೆಮಿಗೂ ಉಂಟೆಂದು ತಡೆಯಾಜ್ಞೆಯನ್ನು ಸಡಿಲಿಸಿತು. ಕಾಸು ಕೊಡದ ಪ್ರೇಕ್ಷಕರೆದುರು ಹವ್ಯಾಸಿ ಸಂಘ ಆಡುವುದು, ಶಾಲೆಯ ಮಕ್ಕಳು ತಮ್ಮವರ ಮುಂದೆ ಆಡುವುದು ಇಂಥವು ಆ ವಿನಾಯಿತಿಗಳು.

ಈ ತೀರ್ಪನ್ನು ನಾನು ವಿಮರ್ಶೆಯೆಂದೇ ಓದುತ್ತೇನೆ. ಕಾರಂತರದು ಸಾಹಿತ್ಯವೋ, ನಾಟಕವೋ, ನೃತ್ಯವೋ ಎಂದು ನಾವು ವಿಚಾರಗೋಷ್ಠಿಗಳಲ್ಲಿ ತೇಲಿಸಿಬಿಟ್ಟ ಪ್ರಶ್ನೆಗೆ ನ್ಯಾಯಮೂರ್ತಿಗಳು ನೇರವಾಗಿ ಮುಖಕೊಡಬೇಕಾಯಿತು. ಹಳೆಯದನ್ನು ಮಾರ್ಪಡಿಸುವುದೂ ಸೃಷ್ಟಿಯೇ ಎಂದು ಅವರು ಕಂಡದ್ದು ಸರಿ. ಹಾಗೆ ನೋಡಿದರೆ ಕುಲಗೋಡ ತಮ್ಮಣ್ಣ ಇಂದು ಇದ್ದಿದ್ದರೆ ಅವನಿಗೂ ಹಕ್ಕಿರುತ್ತಿತ್ತು. ಕರ್ತೃವಿನ ಆಯುಷ್ಯ, ಆಮೇಲೆ 60 ವರ್ಷ: ಇದು ಕಾಯಿದೆಯ ಲೆಕ್ಕ. ಕಾರಂತರ ಹಕ್ಕು 2057ರ ಕೊನೆಯವರೆಗೆ ನಡೆಯುತ್ತದೆ. ತಮ್ಮಣ್ಣನ ಪದಗಳು ಮಾತ್ರ ಎಲ್ಲರ ಸೊತ್ತು. ಯಾರೂ ಹಾಡಬಹುದು, ಯಾರೂ ಅಚ್ಚು ಹಾಕಬಹುದು. ಅದೂ ಒಳ್ಳೆಯದೇ. ಇಲ್ಲದಿದ್ದರೆ ಮಹಾಲಿಂಗಪುರಕ್ಕೆ ಆ ರಾತ್ರಿ ಪಾರಿಜಾತ ಬರುತ್ತಿತ್ತೆ?

ಆದರೆ 1957ರ ಕಾಯಿದೆ ನಾಟಕ ಕೃತಿಯನ್ನು ಗುರುತಿಸುವಾಗ ಅಭಿನಯದ ರೂಪ ಬರಹದಲ್ಲಿಯೋ ಬೇರೆ ಬಗೆಯಲ್ಲಿಯೋ ನೆಲೆಗೊಂಡಿರಬೇಕು ಎನ್ನುತ್ತದೆ. ನಮ್ಮ ಆಟದ ಜೀವವಿರುವುದು ನೆಲೆಗೊಳ್ಳದುದರಲ್ಲಿ. ಭಾಗವತನೂ ದೂತಿಯೂ ಆ ಹೊತ್ತಿಗೆ ಹೊಳೆದಂತೆ ಆಡುವ ಮಾತು, ಹಾರ್ಮೋನಿಯಮ್ಮಿನವನು ಎತ್ತಿಕೊಟ್ಟ ಸ್ವರವನ್ನು ಭಾಮೆ ಬೇರೆ ಕಡೆಗೆ ಒಯ್ಯುವ ರೀತಿ, ಇವೆಲ್ಲ ನಾಳೆ ಇದ್ದ ಹಾಗೆ ಇರುವುದಿಲ್ಲ. ಕಾರಂತರ ಪ್ರಸಂಗ ಕಾಗದದ ಮೇಲಿತ್ತು. ಅದನ್ನು ಮೈಯಲ್ಲಿ ತೋರಿಸಿದ ಕಲಾವಿದರ ಪಾಲಿನ ಪ್ರಶ್ನೆ ಆ ದಾವೆಯ ವಿಷಯವೇ ಆಗಿರಲಿಲ್ಲ.

ಹಾಡುವವರಿಗೆ ಕಾನೂನು ಏನೂ ಕೊಟ್ಟಿಲ್ಲವೆಂದಲ್ಲ. 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಬಂತು. ನಟ, ಗಾಯಕರ ಜೊತೆಗೆ ಹಾವಾಡಿಗನನ್ನೂ ಆ ಪಟ್ಟಿಯಲ್ಲಿ ಮರೆತಿಲ್ಲ! ಒಪ್ಪಿಗೆಯಿಲ್ಲದೆ ಅವರ ಹಾಡನ್ನು ಮುದ್ರಿಸುವಂತಿಲ್ಲ. ಹಕ್ಕಿನ ಅವಧಿ ಈಗ 50 ವರ್ಷ. 2012ರ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸೇರಿತು: ಇದನ್ನು ಹಾಡಿದವರು ಇಂಥವರು ಎಂದು ಗುರುತಿಸಿಕೊಳ್ಳುವ ಹಕ್ಕು. ಆ ಕ್ಯಾಸೆಟ್ಟು ಬರುವ ಹೊತ್ತಿಗೆ ಮೊದಲ ತಿದ್ದುಪಡಿ ಜಾರಿಗೆ ಬಂದು ಮೂರು ವರ್ಷವಾಗಿತ್ತು. "ಸಹಿ ಮಾಡಿದ್ದು ಏನಿತ್ತೋ ಓದಿಲ್ರೀ" ಎಂದರು ನಮ್ಮ ಭಾಮೆ. ಹಣದ ಮಾತು ಆ ಕಾಗದದೊಳಗೆ ಮುಗಿದುಹೋಗಿರಬಹುದು. ಹೆಸರಿನ ಮಾತು?

ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ನೋಂದಣಿಯಾಗಿದೆ, ಸಂತೋಷ. ಸೆರಗು ಎಲ್ಲಿಯದೆಂದು ಕೊಳ್ಳುವವರಿಗೆ ತಿಳಿಯಿತು. ನೇಯ್ದವರು ಯಾರೆಂದು ಅದರಿಂದಲೂ ತಿಳಿಯುವುದಿಲ್ಲ.

ಮಾರುವವರನ್ನು ಮಾತ್ರ ದೂರುವುದು ಸುಲಭ. ಹಿಂದೊಮ್ಮೆ ನಾನೇ ಒಂದು ಪಾರಿಜಾತದ ಬಗೆಗೆ ಬರೆದಾಗ ತಮ್ಮಣ್ಣನ ಪದಲಾಲಿತ್ಯವನ್ನು ಎರಡು ಅಂಕಣ ಹೊಗಳಿ, "ಸತ್ಯಭಾಮೆಯ ಪಾತ್ರಧಾರಿಣಿಯೂ ಚೆನ್ನಾಗಿ ಹಾಡಿದರು" ಎಂದು ಮುಗಿಸಿದ್ದೆ. ಆ 'ಊ'ಕಾರ ಈಗ ಓದಿದರೆ ನಾಚಿಕೆಯಾಗುತ್ತದೆ. ಹೆಸರು ಕೇಳಲು ರಂಗದ ಹಿಂದಕ್ಕೆ ಹತ್ತು ಹೆಜ್ಜೆ ನಡೆದರೆ ಸಾಕಿತ್ತು.

ಈ ಸಲ ನಡೆದೆ, ಹೆಸರು ಕೇಳಿ ಬರೆದುಕೊಂಡೆ. ಪತ್ರಿಕೆಯಲ್ಲಿ ಹಾಕುತ್ತೇನೆಂದಾಗ ಅವರು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ ಕೈಯನ್ನು ನಿಲ್ಲಿಸಿದರು. "ಕ್ಯಾಸೆಟ್ಟಿನ ಸುದ್ದಿ ಬರಿಯೂದಾದ್ರ ನನ್ನ ಹೆಸರು ಹಾಕಬ್ಯಾಡ್ರೀ ಮಾಸ್ತರ" ಎಂದರು. "ನಾಳೆ ಮತ್ತ ಅಂಥಾವರ ಬಾಗಿಲಿಗೇ ಹೋಗೂದೈತಿ."