ಎರಡು ಚೌಕ ಕೂಡಿಸಿದರೆ ಅಂಗಿ ಆಗ್ತದೇನು?

ಕ್ರೋಶಾ ಕಲಿಯುವವರಿಗೆ ಎಲ್ಲರೂ ತೋರಿಸಿಕೊಡುವ ಮೊದಲ ಉಡುಪು ಒಂದೇ. ಮುಂದಕ್ಕೊಂದು ಚೌಕ, ಹಿಂದಕ್ಕೊಂದು ಚೌಕ. ಹೆಗಲ ಮೇಲೆ ಕೂಡಿಸಿ, ಬಗಲಲ್ಲಿ ಕೂಡಿಸಿ, ಕೈ ಹೋಗುವಷ್ಟು ಸಂದು ಬಿಡಿ, ಆಯ್ತು ಹಾಫ್ ಸ್ವೆಟರ್. ಹೆಚ್ಚಿಸೂದಿಲ್ಲ, ಇಳಿಸೂದಿಲ್ಲ. 'ಹೊಸಬರಿಗೆ ಭಾಳ ಸರಳ.' ಈ ಮಾತು ನಂಬಿ ನಾನು ಎರಡು ಚಳಿಗಾಲ ಕಳೆದಿದ್ದೇನೆ. ಹಾಗಾಗಿ ಅದರ ಜೋಡಿ ಜಗಳಾಡುವ ಹಕ್ಕು ನನಗಿದೆ ಅಂದ್ಕೊಂಡೀನಿ.

ನಾನು ಹೆಣೆಯಲು ಹೊರಟದ್ದು ನಮ್ಮ ಚಿಗವ್ವಗ. ಹುಕ್ಕೇರಿ ತಾಲೂಕಿನ ಹಳ್ಳಿ. ಮನೆಯಲ್ಲಿ ಗ್ಯಾಸ್ ಇದೆ, ಆದರೆ ರೊಟ್ಟಿ ಮಾತ್ರ ಇವತ್ತಿಗೂ ಕಟಗಿ ಒಲಿ ಮೇಲೆ. ಡಿಸೆಂಬರ್, ಜನವರಿಯಲ್ಲಿ ನಸುಕಿಗೆ ಎದ್ದು ಕೂತರೆ ಮಾರಿಗೆ ಉರಿ, ಬೆನ್ನಿಗೆ ಥಂಡಿ. ಸೆರಗು ಎಷ್ಟಂತ ಹೊದ್ದುಕೊಳ್ಳೋದು? ತೋಳಿಲ್ಲದ್ದಾದರೆ ರೊಟ್ಟಿ ಬಡಿಯಲು ಅಡ್ಡಿಯಿಲ್ಲ ಅಂತ ನನ್ನ ಲೆಕ್ಕ.

ನೂಲಿಗೆ ಗೋಕಾಕದ ಪ್ಯಾಟಿಗೆ ಹೋದೆ. ಘಟಪ್ರಭೆಯ ನೀರಿನ ಬಲದ ಮೇಲೆ ಗೋಕಾಕ ಫಾಲ್ಸ್‌ನಲ್ಲಿ ಹತ್ತಿ ನೂಲುವ ಗಿರಣಿ ಶುರುವಾದದ್ದು 1887ರಲ್ಲಿ. ಅಂಥ ಊರಿನಲ್ಲಿ ಕೈಹೆಣಿಗೆಗೆ ಒಂದು ಉಂಡೆ ಹತ್ತಿ ನೂಲು ಕೇಳಿದರೆ ಅಂಗಡಿಯವರು ನನ್ನ ಮಾರಿ ನೋಡಿದರು. "ಅಕ್ಕಾರ, ಹತ್ತೀದು ಯಾರ ಕೇಳ್ತಾರ್ರಿ? ಉಲ್ಲನ್ ಒಯ್ರಿ, ಬಣ್ಣ ಎಷ್ಟ ಅದಾವ ನೋಡ್ರಿ." ಅವರು ಉಲ್ಲನ್ ಅನ್ನೋದು ಲುಧಿಯಾನಾದ ಅಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಸೀಮೆಯ ಡೆಕ್ಕನಿ ಕುರಿಯ ಉಣ್ಣೆ ಒರಟು. ಅದು ಹುಣಸೆ ಬೀಜದ ಸರಿ ಹಚ್ಚಿಸಿಕೊಂಡು ಕಂಬಳಿಯಾಗುತ್ತದೆ, ಉಂಡೆಯಾಗಿ ಅಂಗಡಿಗೆ ಬರೋದಿಲ್ಲ. ಗಿರಣಿ ನೂಲಿನ ಕಥೆಯೇ ಬೇರೆ. 20 ನಂಬರಿನ ನೂಲು ಅಂದರೆ ಒಂದು ಪೌಂಡಿಗೆ 840 ಗಜದ 20 ಲಡಿ. ನೂರು ಗ್ರಾಂ ಬಿಚ್ಚಿದರೆ ಮೂರು ಕಿಲೋಮೀಟರ್ ದಾಟುತ್ತದೆ. ನನ್ನ 4 ಎಂಎಂ ಕೊಕ್ಕೆಗೆ ಬೇಕಾದದ್ದು ನೂರು ಗ್ರಾಂಗೆ ಸುಮಾರು 240 ಮೀಟರ್ ಬರುವಂಥದ್ದು. ಅಂದರೆ ಹದಿನಾಲ್ಕು ಎಳೆ ಒಟ್ಟಿಗೆ ಹಿಡಿಯಬೇಕು. ಅದು ಆಮೇಲಿನ ಮಾತು. ಮೊದಲ ಸಲ ನಾನೂ ಸುಮ್ಮನೆ ಅಕ್ರಿಲಿಕ್ ತಂದೆ. ಹೊಸಬರಿಗೆ ಅದೇ ಚಲೋ ಅಂತ ಎಲ್ಲರೂ ಅಂತಾರಲ್ಲ. ಅಗ್ಗ, ಬಿಚ್ಚಿ ಮತ್ತೆ ಹಾಕಬಹುದು, ತೊಳೆದರೆ ಕುಗ್ಗೂದಿಲ್ಲ.

ಕಲಿತದ್ದು ಮೂಡಲಗಿಯ ಒಬ್ಬ ಅಕ್ಕಾರ ಹತ್ತಿರ. ಹೆಸರು ಬರೀಬ್ಯಾಡ ಅಂದಾರ. ಅವರ ತವರು ಮರಾಠಿ ಸೀಮೆ, ಹಾಗಾಗಿ ಪಾಠವೆಲ್ಲ ಸಾಖಳಿ, ಖಾಂಬ, ಮುಕಾ ಖಾಂಬ. ಸರಪಳಿ, ಕಂಬ, ಮೂಕ ಕಂಬ. ಅಮೆರಿಕದವರು ಸಿಂಗಲ್ ಅನ್ನೋದನ್ನ ಇಂಗ್ಲೆಂಡಿನವರು ಡಬಲ್ ಅಂತಾರೆ. ಒಂದರ ಪುಸ್ತಕ ಹಿಡಿದು ಇನ್ನೊಂದರ ಲೆಕ್ಕ ಹಾಕಿ ಎಷ್ಟು ಮಂದಿ ಕೆಟ್ಟಾರೋ. ಮೂಕ ಕಂಬಕ್ಕೆ ಆ ಗೊಂದಲ ಇಲ್ಲ. ಗಿಡ್ಡ, ದಟ್ಟ, ಗಾಳಿಗೆ ಬಾಯಿ ಬಿಡದ ಕಂಬ.

ಅಕ್ಕಾರ ಮನೆಯಲ್ಲಿ ಬಾಗಿಲಿಗೆ ತೋರಣ, ಟೀವಿಗೆ ಹೊದಿಕೆ, ಟೇಬಲ್ ಫ್ಯಾನಿಗೆ ಹೊದಿಕೆ, ನೀರಿನ ಕೊಡದ ಮೇಲೆ ಮಣಿ ಪೋಣಿಸಿದ ಜಾಳಿಗೆ. ನಮ್ಮ ಕಡೆ ಯಾವ ಮನೆಗೆ ಹೋದರೂ ಇದೇ. ನನಗೆ ಅಲ್ಲೇ ಹೊಳೆದದ್ದು. ಈ ಕೈಗಳು ಟೀವಿಗೆ ಅಂಗಿ ಹಾಕ್ಯಾವ, ತಮ್ಮ ಮೈಗೆ ಒಂದೂ ಹಾಕಿಲ್ಲ. ಟೀವಿ ಬಗ್ಗೂದಿಲ್ಲ, ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚೂದಿಲ್ಲ, ಉಸಿರೂ ಆಡೂದಿಲ್ಲ. ಅದಕ್ಕೆ ಚೌಕ ಸಾಕು. ಹಳೆಯ ಪಾಠ ಚೌಕದಲ್ಲೇ ನಿಂತಿದೆ. ಹೊಸ ಪಾಠ ಅದೇ ಚೌಕಕ್ಕೆ ಕುತ್ತಿಗೆ ಮಾಡಿ ಉಡುಪು ಅನ್ನುತ್ತದೆ. ಎರಡರಲ್ಲೂ ಮೈ ಇಲ್ಲ. ನನ್ನ ತಕರಾರು ಇರೋದು ಇಲ್ಲಿ.

ಸರಳ ಅನ್ನುವವರು ನುಂಗಿಬಿಡುವ ಇನ್ನೊಂದು ಸಂಗತಿ ಕೈಯ ಬಿಗಿ. ನಾನು ನೋಡಿದ ಲೆಕ್ಕದಲ್ಲಿ 10 ಸೆಂಟಿಮೀಟರಿಗೆ 14 ಕಂಬ, 70 ಕಂಬಕ್ಕೆ 50 ಸೆಂಟಿಮೀಟರ್ ಅಗಲ. ನನ್ನ ಕೈ ಬಿಗಿ. ಅದೇ ಕೊಕ್ಕೆ, ಅದೇ ನೂಲು, 10 ಸೆಂಟಿಮೀಟರಿಗೆ 16 ಕಂಬ ಕೂತವು. 70 ಕಂಬ 43.75 ಸೆಂಟಿಮೀಟರಿಗೆ ಮುಗಿದುಹೋಯಿತು. ಮುಂದೆ ಹಿಂದೆ ಕೂಡಿ ಸುತ್ತಳತೆಯಲ್ಲಿ ಹನ್ನೆರಡೂವರೆ ಸೆಂಟಿಮೀಟರ್, ಹತ್ತಿರ ಹತ್ತಿರ ಐದು ಇಂಚು ಮಾಯ. ಚಿಗವ್ವ ತಲೆ ತೂರಿಸಿ ಅಲ್ಲೇ ನಿಂತಳು. "ಯವ್ವಾ, ಇದು ನನಗ ಮಾಡೀಯೋ, ನನ್ನ ಮೊಮ್ಮಗಳಿಗೋ?" ಮೊದಲು ಅಂಗೈಯಗಲದ ತುಣುಕು ಹಾಕಿ, ತೊಳೆದು, ಒಣಗಿಸಿ, ಕಂಬ ಎಣಿಸಬೇಕು ಅನ್ನೋದು ಎಲ್ಲರಿಗೂ ಗೊತ್ತು. ಹೊಸಬರು ಹೆದರ್ತಾರೆ ಅಂತ ಹೇಳೂದಿಲ್ಲ. ಸಾಲಿನ ಕೊನೆಯ ಕಂಬ ತಪ್ಪಿಸಿಕೊಂಡು ಚೌಕ ಮೇಲೆ ಹೋಗ್ತಾ ಹೋಗ್ತಾ ಗೋಪುರ ಆಗೋದನ್ನೂ ಹೇಳೂದಿಲ್ಲ. ಇದು ದಯೆ ಅಲ್ಲ.

ಕ್ರೋಶಾದ ಒಂದು ಪುಣ್ಯ ಅಂದರೆ, ಜೀವ ಇರೋದು ಒಂದೇ ಕುಣಿಕೆಯಲ್ಲಿ. ಎಳೆದರೆ ಪೂರಾ ಬಿಚ್ಚುತ್ತದೆ. ಬಿಚ್ಚಿದೆ, 80 ಕಂಬದಿಂದ ಮತ್ತೆ ಹಾಕಿದೆ, ಮೈಗೆ ಕೂತಿತು. ಚಿಗವ್ವ ಖುಷಿಯಿಂದಲೇ ತೊಟ್ಟುಕೊಂಡಳು.

ಹದಿನೈದು ದಿನಕ್ಕೆ ಒಲಿಯ ಕಿಡಿ ಹಾರಿ ಎದೆಯ ಮೇಲೆ ಬಿತ್ತು. ಹತ್ತಿ ಸೀರೆಗೆ ಅಂಥ ಕಿಡಿ ಎಷ್ಟೋ ಬಿದ್ದಾವ. ತೂತು ಬೀಳ್ತದ, ಬೂದಿ ಆಗ್ತದ, ಕೈಯಿಂದ ಒರೆಸಿದರೆ ಹೋಗ್ತದ. ಇದು ಕರಗಿತು. ಕರಗಿ ಕರೀ ಮಣಿಯಂತೆ ಗಂಟು ಕಟ್ಟಿ ಒಳಗಿನ ಜಂಪರಿಗೆ ಹತ್ತಿಕೊಂಡಿತು. ಪುಣ್ಯಕ್ಕೆ ಚರ್ಮಕ್ಕೆ ತಾಗಲಿಲ್ಲ. ನಾನು ಹೋದಾಗ ಅದನ್ನು ಗೂಟಕ್ಕೆ ಹಾಕಿದ್ದಳು. "ಪ್ಲಾಸ್ಟಿಕ್ ಚೀಲ ಸುಟ್ಟಂಗ ನಾರತೈತಿ ಇದು. ನನಗ ಬ್ಯಾಡವಾ." ಬೈಗುಳ ಅಲ್ಲ. ಬೈದಿದ್ದರೆ ಚಲೋ ಇತ್ತು.

ಅವತ್ತಿನಿಂದ 'ಹೊಸಬರಿಗೆ ಅಕ್ರಿಲಿಕ್' ಅನ್ನುವ ಉಪದೇಶ ಕಂಡರೆ ಮೈ ಉರಿಯುತ್ತದೆ. ಆ ಉಪದೇಶದಲ್ಲಿ ಹೆಣೆಯುವವಳ ಅನುಕೂಲ ಇದೆ, ತೊಡುವವಳು ಎಲ್ಲಿ ಕೂಡ್ತಾಳೆ ಅನ್ನೋದಿಲ್ಲ. ಲುಧಿಯಾನಾದ ಚಳಿಯ ನೂಲು ಹುಕ್ಕೇರಿಯ ಒಲಿ ಮುಂದೆ ಬಂದು ಕೂತಾಗ ಏನಾಗ್ತದೆ ಅಂತ ಯಾರಾದರೂ ಕೇಳಬೇಕಲ್ಲ.

'ಖಾಲಿ ಟೈಮಿನ ಹವ್ಯಾಸ' ಅನ್ನುವ ಮಾತಿನ ಬಗ್ಗೆಯೂ ಒಂದಿಷ್ಟು. ನಾವು ಕೈಯಲ್ಲಿ ಹಾಕುವ ಈ ಕ್ರೋಶಾವನ್ನು ಹಾಗೇ ಹೆಣೆಯುವ ಯಂತ್ರ ಇವತ್ತಿಗೂ ಗಿರಣಿಗಳಿಗೆ ಬಂದಿಲ್ಲ. ಸ್ವೆಟರ್ ಯಂತ್ರದ್ದು ಇರಬಹುದು. ಕ್ರೋಶಾದ ಮೇಲಂಗಿ ಅಗ್ಗಕ್ಕೆ ಸಿಕ್ಕರೆ ಅದರ ಹಿಂದೆ ಅಗ್ಗಕ್ಕೆ ದುಡಿದ ಕೈ ಇರ್ತದೆ. ಆಂಧ್ರದ ನರಸಾಪುರದ ಲೇಸ್ ಹೆಣೆಯುವ ಹೆಂಗಸರ ಮೇಲೆ ಮರಿಯಾ ಮೀಸ್ 1982ರಲ್ಲಿ ಪುಸ್ತಕ ತಂದರು. ಅವರ ವಾದ ಇಷ್ಟು: ಪರದೇಶಕ್ಕೆ ಹೋಗುವ ಮಾಲು ಮಾಡುವ ಹೆಂಗಸರನ್ನು ಕೆಲಸಗಾರರು ಅನ್ನದೆ ಮನೆಯಲ್ಲಿ ಕೂತ ಗೃಹಿಣಿಯರು ಅಂದುಬಿಟ್ಟರೆ ಕೂಲಿ ಕೇಳುವ ಬಾಯೇ ಕಟ್ಟಿದಂತೆ. ಒಂದು ಹಾಫ್ ಸ್ವೆಟರಿಗೆ ನನಗೆ ಮೂವತ್ತು ತಾಸು ದಾಟಿತು. ಮೂಡಲಗಿಯ ಅಕ್ಕಾರು ಹತ್ತು ತಾಸಿನಲ್ಲಿ ಮುಗಿಸ್ತಾರೆ. ಹತ್ತು ತಾಸು ಕಬ್ಬಿನ ಕಳೆ ತೆಗೆದರೆ ಪಗಾರ ಕೊಡ್ತಾರೆ. ಇದಕ್ಕೆ "ಎಷ್ಟ ಚಂದ ಐತ್ರಿ" ಅಂತಾರೆ.

ಹಾಗಾದರೆ ಹೊಸಬರು ಏನು ಹೆಣೀಬೇಕು? ನಮ್ಮ ಹಳೆಯ ಟ್ರಂಕಿನಲ್ಲೇ ಉತ್ತರ ಇತ್ತು. ಕುಲಾಯಿ, ಕುಂಚಿಗೆ. ಕೂಸು ಹುಟ್ಟೋಕ್ಕಿಂತ ಮೊದಲ ಕುಲಾಯಿ ಹೊಲಿಸಿದ್ರಂತ ಅನ್ನುವ ಗಾದೆ ಅವಸರದವರನ್ನು ನಗಲಿಕ್ಕೆ ಹುಟ್ಟಿದ್ದು, ಖರೆ. ಆದರೆ ಕುಂಚಿಗೆಯನ್ನು ಕೂಸು ಹುಟ್ಟುವ ಮೊದಲೇ ಹೊಲಿದರೂ ಕೆಡೂದಿಲ್ಲ. ತಲೆಯ ಮೇಲೆ ಟೊಪ್ಪಿಗೆ, ಹಿಂದೆ ಇಳಿಬಿದ್ದ ಅರಿವೆ; ಅಳತೆಗೆ ಕೂಡಬೇಕಾಗಿಲ್ಲ, ತೂಗಿದರೆ ಸಾಕು. ಖಣದಲ್ಲಿ, ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದು ಕಸೂತಿ ಹಾಕುತ್ತಿದ್ದರು. ಮಳೆಯಲ್ಲಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುವವರದೂ ಇದೇ ಯುಕ್ತಿ. ಚೌಕವೇ, ಆದರೆ ಮೈಗೆ ಬಿಗಿಯದ ಚೌಕ. ಚೌಕ ತಪ್ಪಲ್ಲ, ಅದನ್ನು ನಾಲ್ಕೂ ಕಡೆ ಹೊಲಿದು ಮೈಯನ್ನು ಅದರೊಳಗೆ ತುರುಕೋದು ತಪ್ಪು.

ಈ ಚಳಿಗಾಲ ಹತ್ತಿ ನೂಲಿನ ಕೋನ್ ತರಿಸಿ ಹದಿನಾಲ್ಕು ಎಳೆ ಕೂಡಿಸಿ ಸುತ್ತಿದೆ. ಸುತ್ತೋದೇ ನಾಲ್ಕು ದಿನ. ಹತ್ತಿ ಭಾರ, ಜಗ್ಗಿದರೆ ಹಿಂದಕ್ಕೆ ಬರೂದಿಲ್ಲ, ಅದಕ್ಕೆ ಬೆನ್ನಿಗೆ ಮೂಕ ಕಂಬ, ಉದ್ದ ಎರಡು ಇಂಚು ಕಡಿಮೆ. ಬಗಲು ಹೊಲಿಯಲಿಲ್ಲ, ಹಳೆಯ ಕಸಿ ಅಂಗಿಯ ಹಾಗೆ ಎರಡೂ ಕಡೆ ಕಸಿ ಇಟ್ಟೆ. ದಪ್ಪ ಆದರೂ ಸೈ, ತೆಳ್ಳಗಾದರೂ ಸೈ. ಕಿಡಿ ಬಿದ್ದರೆ ಹತ್ತಿಯೂ ಸುಡ್ತದೆ, ಕರಗಿ ಮೈಗೆ ಅಂಟೂದಿಲ್ಲ. ಒಲಿ ಕಡೆಗಿನ ಎದೆಯ ಭಾಗ ಗಿಡ್ಡ ಮಾಡಿ ಬೆನ್ನಿಗೆ ಪೂರಾ ಇಟ್ಟೆ. ಥಂಡಿ ಹತ್ತೋದು ಅಲ್ಲಿ ತಾನೆ.

ಚಿಗವ್ವ ತೊಟ್ಟು, ಕಸಿ ಕಟ್ಟಿಕೊಂಡು, ಎರಡೂ ಕೈ ಎತ್ತಿ ನೋಡಿದಳು. ಆಮೇಲೆ ಸೊಂಟದ ಹತ್ತಿರ ತಡಕಿದಳು.

"ಚಂಚಿ ಎಲ್ಲಿ ಇಡ್ಲಿ? ಕಿಸೆ ಇಲ್ಲೇನ ಇದಕ?"

ಈಗ ಕಿಸೆ ಹೆಣೀಲಿಕ್ಕತ್ತೀನಿ. ಮೊದಲು ಚಂಚಿಯ ಅಳತೆ ತಗೊಂಡೀನಿ.