ಕಾಡನ್ನು ಕಾಣುವ ಕಣ್ಣು: ಗೆಟ್ಟವಾಡಿಯ ನೆಲೆಯಿಂದ ‘ಕರ್ವಾಲೊ’

ಕನ್ನಡದ ಪರಿಸರ ಸಾಹಿತ್ಯವನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ‘ಬೆರಗು’ ಎಂಬ ಒಂದೇ ಪದವನ್ನು ನೆಚ್ಚಿಕೊಂಡಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಗೆಟ್ಟವಾಡಿಯಂತಹ ಊರಿನ ನೆಲೆಯಿಂದ ಓದಿದರೆ ಆ ಪದ ಸಾಲದೆಂಬುದು ತಿಳಿಯುತ್ತದೆ.

ಗೆಟ್ಟವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ತಾಳವಾಡಿ ಸೀಮೆಯ ಊರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಕನ್ನಡ ನುಡಿಯುವ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಸುತ್ತಣ ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ದಿಂಬಂ ಘಟ್ಟದ 27 ತಿರುವುಗಳನ್ನು ಏರಿ ಬರುವ ಪ್ರವಾಸಿಗೆ ಆನೆಯನ್ನು ಕಾಣುವುದು ಭಾಗ್ಯ. ಹೊಲದಂಚಿನಲ್ಲಿ ಇರುಳು ಕಾವಲಿರುವ ರೈತನಿಗೆ ಅದು ಒಂದು ವರ್ಷದ ಬೆಳೆಯ ಪ್ರಶ್ನೆ. ರೈತನ ಗಮನವೂ ಸೂಕ್ಷ್ಮವಾದುದೇ. ಆದರೆ ಅದನ್ನು ಯಾರೂ ಪ್ರಕೃತಿಪ್ರೇಮವೆಂದು ಕರೆಯುವುದಿಲ್ಲ.

‘ಕರ್ವಾಲೊ’ದ ಹಿರಿಮೆ ಇಲ್ಲಿಯೇ ಇದೆ. ಹಾರುವ ಓತಿಯನ್ನು ಕಂಡೆನೆನ್ನುವವನು ವಿಜ್ಞಾನಿಯಲ್ಲ, ಜೇನಿನ ನಂಟಿನ ಹಳ್ಳಿಗ ಮಂದಣ್ಣ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾಗಿ ತೋರುವ ಆತನ ಅರಿವನ್ನು ಕರ್ವಾಲೊ ಗುರುತಿಸುತ್ತಾರೆ. ಆದರೆ ಕಾದಂಬರಿ ಎತ್ತದೆ ಬಿಟ್ಟ ಪ್ರಶ್ನೆಯೊಂದಿದೆ. ವಿಜ್ಞಾನಿಯ ಮನ್ನಣೆ ದೊರೆಯದಿದ್ದರೆ ಮಂದಣ್ಣನ ಅರಿವಿಗೆ ಬೆಲೆಯೇನು? ಮೂಡಿಗೆರೆಯ ಸೀಮೆಯಲ್ಲಿ ಇಬ್ಬರಿಗೂ ಕನ್ನಡ ಸಮಾನವಾದ ನುಡಿ. ಆದ್ದರಿಂದ ಪ್ರಶ್ನೆ ಮರೆಯಾಗಿಯೇ ಉಳಿಯುತ್ತದೆ. ತಾಳವಾಡಿ ಸೀಮೆಯಲ್ಲಿ ಅದು ಮರೆಯಾಗುವುದಿಲ್ಲ. ಅಲ್ಲಿ ಆಡಳಿತದ ನುಡಿ ತಮಿಳು, ವಿಜ್ಞಾನದ ನುಡಿ ಇಂಗ್ಲಿಷ್; ಗಿಡಮರ, ಹಕ್ಕಿಗಳ ಹೆಸರುಗಳು ಬಾಳುತ್ತಿರುವುದು ಕನ್ನಡದಲ್ಲಿ, ಸೋಲಿಗರ ನುಡಿಯಲ್ಲಿ.

ಈ ಸೀಮೆಗೆ ಹತ್ತಿರದ ಮಲೆ ಮಾದೇಶ್ವರ ಕಾವ್ಯದ ‘ಸಂಕಮ್ಮನ ಸಾಲು’ ಇನ್ನೊಂದು ಅಳತೆಗೋಲನ್ನು ಒದಗಿಸುತ್ತದೆ. ಕಾಡಿಗೆ ಹೊರಡುವ ನೀಲೇಗೌಡ ಶಂಕೆಯಿಂದ ಹೆಂಡತಿಯ ಭಾಷೆ ಬೇಡುತ್ತಾನೆ, ಆಕೆ ಒಪ್ಪುವುದಿಲ್ಲ. ಅಲ್ಲಿ ಕಾಡು ನೋಟದ ವಸ್ತುವಲ್ಲ. ದುಡಿಮೆ, ಸಂಶಯ, ಸಂಕಟಗಳು ಬೆರೆತ ಬಾಳಿನ ನೆಲ. ಕರ್ವಾಲೊ ತಂಡದ ಶೋಧಯಾತ್ರೆಯಲ್ಲಿ ಹೆಣ್ಣಿಗೆ ಎಡೆಯಿಲ್ಲವೆಂಬುದೂ ಈ ಹೋಲಿಕೆಯಿಂದ ಎದ್ದು ಕಾಣುತ್ತದೆ.

ಕಾದಂಬರಿಯ ಕೊನೆಯಲ್ಲಿ ಓತಿ ಕಣಿವೆಯತ್ತ ತೇಲಿ ಕೈತಪ್ಪುತ್ತದೆ. ಇದನ್ನು ಪ್ರಕೃತಿಯ ನಿಗೂಢತೆಯೆಂದು ಓದುವುದು ವಾಡಿಕೆ. ಗೆಟ್ಟವಾಡಿಯ ನೆಲೆಯಿಂದ ಓದಿದರೆ ಮತ್ತೊಂದು ಅರ್ಥವೂ ಹೊಳೆಯುತ್ತದೆ. ಓತಿ ತಪ್ಪಿಸಿಕೊಂಡರೂ ಅದನ್ನು ಕಂಡ ಮಂದಣ್ಣ ಉಳಿದಿದ್ದಾನೆ, ಆತನ ಮಾತು ಉಳಿದಿದೆ. ಗಡಿಸೀಮೆಯಲ್ಲಿ ಅಪಾಯಕ್ಕೆ ಒಳಗಾಗಿರುವುದು ಆ ಮಾತೇ. ಹುಲಿಯನ್ನು ಕಾಪಾಡಲು ಕಾನೂನಿದೆ. ಕಾಡನ್ನು ಹೆಸರಿಟ್ಟು ಕರೆಯುವ ನುಡಿಯನ್ನು ದಾಖಲಿಸುವ ಹೊಣೆ ಮಾತ್ರ ಅಧ್ಯಯನ ಲೋಕದ್ದು.