ಒಂದು ಗೊಂಚಲು ಪಿನ್ನು

ನಮ್ಮ ಕಡೆ ಜಾಕೀಟು ಅಂದರೆ ಹೆಂಗಸರ ರವಿಕೆ. ಯಳಂದೂರು ಕಡೆಯ ಅಗರ, ಮಾಂಬಳ್ಳಿ ಸುತ್ತಿನ ಯಾವ ದರ್ಜಿಯ ಮುಂದೆ ನಿಂತು ‘ಒಂದು ಜಾಕೀಟು ಹೊಲಿದುಕೊಡಪ್ಪ’ ಅಂದರೂ ಅವನು ಕೇಳುವುದು ತೋಳು ಎಷ್ಟುದ್ದ, ಹುಕ್ಕು ಮುಂದಕ್ಕೋ ಹಿಂದಕ್ಕೋ ಅಂತಲೇ. ಚಳಿಗೆ ತೊಡುವುದಕ್ಕೆ ಜರ್ಕಿನ್ನು ಅಂತ ಬೇರೆ ಹೆಸರೇ ಇದೆ. ಹಾಗಾಗಿ ಮೈಸೂರಿನಲ್ಲಿ ಓದುವ ನನ್ನ ಮಗಳು ಸಂಕ್ರಾಂತಿಗೆ ಊರಿಗೆ ಬಂದವಳು ‘ಅಜ್ಜಿ, ನನ್ ಜಾಕೆಟ್ ಹೆಂಗದೆ ನೋಡು’ ಅಂದಾಗ ಅವ್ವ ಕನ್ನಡಕ ಏರಿಸಿಕೊಂಡು ರವಿಕೆಯನ್ನೇ ಹುಡುಕಿದಳು. ಕಂಡದ್ದು ತೊಳೆದು ತೊಳೆದು ಬೆಳ್ಳಗಾದ ನೀಲಿ ಜೀನ್ಸ್ ಬಟ್ಟೆಯ ಜರ್ಕಿನ್ನು. ಅದರ ಮೇಲೆ ಸೇಫ್ಟಿ ಪಿನ್ನು. ಒಂದೆರಡಲ್ಲ, ಬಳೆ ಅಂಗಡಿಯವನು ಕಂಡರೆ ಸಾಲ ಕೇಳಬೇಕು, ಅಷ್ಟು.

ನಾನು ಆ ಜರ್ಕಿನ್ನನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಕಾಲರಿನ ಎರಡೂ ಮೂಲೆಗೆ ಪುಟಾಣಿ ಪಿನ್ನುಗಳ ಸಾಲು. ಒತ್ತಾಗಿ, ಒಂದಕ್ಕೊಂದು ಮೈ ತಾಗಿಸಿಕೊಂಡು, ಕೈ ಪಳಗಿದವರು ಕಟ್ಟಿದ ಮಲ್ಲಿಗೆ ದಂಡೆಯ ಹಾಗೆ. ಎಡಭುಜದ ಮೇಲೆ ಸ್ವಲ್ಪ ದೊಡ್ಡವು, ನಡುವಿನ ಹೊಲಿಗೆಯಿಂದ ಎರಡೂ ಕಡೆಗೆ ಓರೆಯಾಗಿ ಇಳಿಬಿಟ್ಟವು, ಮೀನಿನ ಮುಳ್ಳಿನ ವರಸೆಯಲ್ಲಿ. ಜೇಬಿನ ಬಾಯಿಗೆ ಒಂದು ದೊಡ್ಡ ಪಿನ್ನು, ಅದರ ಹೊಟ್ಟೆಯೊಳಗೆ ಏಳೆಂಟು ಚಿಕ್ಕವು ತೂಗುತ್ತ. ಹೊಸ ನಿಕ್ಕಲ್ಲಿನ ಆ ಬೆಳ್ಳಿಬಿಳುಪು ಇದೆಯಲ್ಲ, ಆಗತಾನೆ ನೀರಿನಿಂದ ಎತ್ತಿದ ಕೆರೆಮೀನಿನ ಹೊಟ್ಟೆಯ ಬಿಳುಪು ಅದು. ನೀಲಿಯ ಮೇಲೆ ಅದು ಇನ್ನೂ ತಣ್ಣಗೆ ಕಾಣುತ್ತದೆ. ಹುಡುಗಿ ಅದನ್ನು ತೊಟ್ಟು ನಡುಮನೆಯಲ್ಲಿ ಒಂದು ಸುತ್ತು ಬಂದಳು. ಗೆಜ್ಜೆಯ ಸದ್ದಲ್ಲ, ಬಳೆಯ ಸದ್ದೂ ಅಲ್ಲ. ದೂರದಲ್ಲಿ ಯಾರೋ ಮೊರದಲ್ಲಿ ನೆಲ್ಲು ಕೇರಿದ ಹಾಗೆ ಒಂದು ಸಣ್ಣ ಸರಸರ.

ಅವ್ವ ಎಲ್ಲವನ್ನೂ ನೋಡಿ ಮುಗಿಸಿ ಅಂದಳು: ‘ಇಷ್ಟೊಂದ್ ಪಿನ್ನ ಮಡಿಕ್ಕಂಡಿದ್ದೀಯಲ್ಲ ಮೊಗ, ನಂಗೊಂದ್ ಕೊಡು.’

ಅವ್ವನಿಗೆ ಪಿನ್ನಿನ ಬಡತನವೇನೂ ಇಲ್ಲ. ತಾಳಿ ಸರದ ತುದಿಯಲ್ಲಿ ಅವಳದೇ ಒಂದು ಗೊಂಚಲಿದೆ. ನಾನು ಹುಟ್ಟಿದಾಗಿನಿಂದ ನೋಡುತ್ತಿರುವ, ನೋಡಿದಷ್ಟೂ ಕಣ್ಣು ತುಂಬದ ಗೊಂಚಲು. ಇಡೀ ಗೊಂಚಲನ್ನು ಹೊತ್ತಿರುವುದು ಒಂದು ಹಳೆಯ ಹಿತ್ತಾಳೆ ಪಿನ್ನು. ಬೆರಳು ಆಡಿ ಆಡಿ ಅದರ ಬೆನ್ನು ನುಣ್ಣಗಾಗಿ, ಬೆಲ್ಲದ ಪಾಕಕ್ಕೆ ಹದ ಬಂದಾಗಿನ ಬಣ್ಣಕ್ಕೆ ತಿರುಗಿದೆ. ಅದರೊಳಗೆ ಮೂರು ಉಕ್ಕಿನವು. ಸುರುಳಿಯ ಹತ್ತಿರ ಬೆವರು ಕೂತು ನಿಕ್ಕಲ್ಲು ಬಿಟ್ಟು ಹುಣಸೆಹಣ್ಣಿನ ಕಪ್ಪುಕೆಂಪು ಇಣುಕುತ್ತಿದೆ. ಒಂದರ ತಲೆ ಹಾರಿಹೋಗಿದೆ. ಅದನ್ನು ಅವಳು ಎಸೆದಿಲ್ಲ, ಕಾಲಿಗೆ ಹೊಕ್ಕ ಜಾಲಿಮುಳ್ಳು ತೆಗೆಯಲು ಅದೇ ಆಗಬೇಕು. ಮತ್ತೊಂದರಲ್ಲಿ ಒಂದು ಕರಿಮಣಿ ಯಾಕೆ ಸಿಕ್ಕಿಕೊಂಡಿದೆಯೋ ಅವಳಿಗೂ ಮರೆತಿದೆ. ಇವಿಷ್ಟೂ ತಾಳಿಯ ಚಿನ್ನದ ಪಕ್ಕದಲ್ಲೇ, ಯಾವ ಸಂಕೋಚವೂ ಇಲ್ಲದೆ, ಒಂದೇ ಸರದಲ್ಲಿ. ಚಿನ್ನ ಸುಮ್ಮನೆ ಕೂತಿರುತ್ತದೆ. ಪಿನ್ನುಗಳು ಯಾವಾಗ ಕರೆ ಬರುತ್ತದೋ ಅಂತ ಕಾಯುತ್ತಿರುತ್ತವೆ. ಅವ್ವ ಬಗ್ಗಿ ನೆಲ ಸಾರಿಸುವಾಗ ಎರಡೂ ಒಟ್ಟಿಗೇ ಮುಂದೆ ಜೋಲಿ ಹೊಡೆದು ಒಂದಕ್ಕೊಂದು ತಾಗುತ್ತವೆ. ನನ್ನ ಬಾಲ್ಯದ ಬೆಳಗಿನ ಸದ್ದು ಅದು.

ಅವಳ ಜಾಕೀಟಿನ ಮೇಲೂ ಪಿನ್ನು ಇದ್ದೇ ಇರುತ್ತಿತ್ತು. ನಾಟಿ, ಕಳೆ ಅಂತ ಗದ್ದೆಗೆ ಹೋಗುವ ಕಾಲದಲ್ಲಿ ಹುಕ್ಕು ಕಿತ್ತುಹೋದರೆ ದರ್ಜಿಯ ತನಕ ಹೋಗುವ ಪುರುಸೊತ್ತು ಯಾರಿಗಿತ್ತು? ಎದೆಯ ನಡುವಿನ ಪಟ್ಟಿಗೆ ಮೇಲಿಂದ ಕೆಳಕ್ಕೆ ನಾಲ್ಕು ಪಿನ್ನು. ಅವಳು ಅದನ್ನು ಚುಚ್ಚುತ್ತಿದ್ದ ರೀತಿ ನೋಡಬೇಕು: ಅಡ್ಡಡ್ಡಲಾಗಿ, ನಾಲ್ಕೂ ಒಂದೇ ಅಳತೆಯ ಅಂತರದಲ್ಲಿ, ನಾಲ್ಕರ ತಲೆಯೂ ಒಂದೇ ಕಡೆಗೆ. ಕನ್ನಡಿ ನೋಡುತ್ತಿರಲಿಲ್ಲ. ತುಟಿಯಲ್ಲಿ ಮೂರು ಕಚ್ಚಿಕೊಂಡು ನಾಲ್ಕನೆಯದನ್ನು ಬೆರಳ ತುದಿಯಿಂದಲೇ ಒಳಗೆ ತೂರಿಸಿ, ಹೊರಗೆ ತೆಗೆದು, ಹೆಬ್ಬೆರಳಿನಿಂದ ಒತ್ತಿ ‘ಟಿಕ್’. ಎಲೆಹಸಿರು ಬಟ್ಟೆಯ ಮೇಲೆ ನಾಲ್ಕು ಬೆಳ್ಳಿಗೆರೆ. ಅದಕ್ಕಿಂತ ಚೆಂದದ ಗುಂಡಿಸಾಲನ್ನು ನಾನು ಯಾವ ಶೋರೂಮಿನ ಗಾಜಿನ ಹಿಂದೆಯೂ ಕಂಡಿಲ್ಲ.

ಆ ‘ಟಿಕ್’ ಅನ್ನು ಕಟ್ಟಿಕೊಟ್ಟವನು ವಾಲ್ಟರ್ ಹಂಟ್ ಅನ್ನುವ ನ್ಯೂಯಾರ್ಕಿನ ಕುಶಲಕರ್ಮಿ. 1849ರ ಏಪ್ರಿಲ್ 10ರಂದು ಅವನಿಗೆ ಸಿಕ್ಕ ಪೇಟೆಂಟಿನ ನಂಬರು 6281. 15 ಡಾಲರ್ ಸಾಲ ತೀರಿಸಲು ಕೈಯಲ್ಲಿದ್ದ ತಂತಿಯನ್ನು ತಿರುಚುತ್ತ ಕೂತಿದ್ದಾಗ ಹೊಳೆಯಿತು, ಹಕ್ಕನ್ನು 400 ಡಾಲರಿಗೆ ಮಾರಿ ಕೈತೊಳೆದುಕೊಂಡ ಅಂತ ಕತೆ ಹೇಳುತ್ತಾರೆ. ನನಗೆ ಇಷ್ಟವಾಗುವುದು ಬೇರೆ ಎರಡು ಸಂಗತಿ. ಪೇಟೆಂಟ್ ಪತ್ರದಲ್ಲಿ ಅವನು ಅದಕ್ಕಿಟ್ಟ ಹೆಸರು ಉಡುಪಿನ ಪಿನ್ನು ಅಂತ ಮಾತ್ರ, ಸೇಫ್ಟಿಯ ಮಾತು ಹೆಸರಿನಲ್ಲಿಲ್ಲ. ಎರಡನೆಯದು, ಬೆರಳಿಗೆ ಚುಚ್ಚುವುದಿಲ್ಲ, ಗಟ್ಟಿ ಇರುತ್ತದೆ ಅಂತ ಗುಣ ಹೇಳುವಾಗ ನೋಡಲೂ ಅಲಂಕಾರವಾಗಿರುತ್ತದೆ ಅಂತ ಅವನೇ ಬರೆದಿದ್ದಾನೆ. ಅಂದಮೇಲೆ ಒಡವೆಯಾಗುವ ಯೋಗ ಅದರ ಜಾತಕದಲ್ಲೇ ಇತ್ತು. ಮೂರು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಮೈಸೀನಿಯ ಕಾಲದ ಜನ ಕಂಚಿನಲ್ಲಿ ಇದೇ ತತ್ತ್ವದ ಬಟ್ಟೆಪಿನ್ನು ಮಾಡಿ ತೊಡುತ್ತಿದ್ದರು.

ಒಂದು ಪಿನ್ನನ್ನು ಅಂಗೈಯಲ್ಲಿಟ್ಟು ಸುಮ್ಮನೆ ನೋಡಿ. ಒಂದೇ ತಂತಿ. ನಡುವೆ ಒಂದು ಸುರುಳಿ ಸುತ್ತಿಕೊಂಡು ತನ್ನ ಕಡೆಗೇ ಹಿಂತಿರುಗಿ ಬರುತ್ತದೆ. ಅದರ ಬಲವೆಲ್ಲ ಆ ಸುರುಳಿಯಲ್ಲಿ. ತೆಳ್ಳಗಿನ ತೋಳು ಯಾವಾಗಲೂ ಹೊರಕ್ಕೆ ಚಿಮ್ಮಲು ನೋಡುತ್ತದೆ, ತಗಡಿನ ಟೋಪಿ ಅದನ್ನು ತಡೆದು ಹಿಡಿಯುತ್ತದೆ. ಹಿಡಿದಿಡುವುದು ಚಿಮ್ಮುವ ಆಸೆಯೇ. ಮೊನೆ ಒಳಗಿದೆ, ಹೊರಗೆ ಕಾಣುವುದು ದುಂಡನೆಯ, ಸೌಮ್ಯವಾದ ಬೆನ್ನು. ಇಷ್ಟು ಹರಿತವಾದದ್ದು ಇಷ್ಟು ವಿನಯದಿಂದ ಕೂತಿರುವುದನ್ನು ಬೇರೆಲ್ಲಿ ಕಾಣುತ್ತೀರಿ?

ಪಿನ್ನಿನ ರುಚಿ ಪೂರ್ತಿ ತಿಳಿಯಬೇಕಾದರೆ ಲಂಗಕ್ಕೆ ಲಾಡಿ ಏರಿಸಬೇಕು. ಒಗೆತದಲ್ಲಿ ಲಾಡಿ ಒಳಕ್ಕೆ ಓಡಿಹೋಗಿರುತ್ತದೆ. ಅದರ ತುದಿಗೆ ಪಿನ್ನು ಚುಚ್ಚಿ, ಮುಚ್ಚಿ, ಸೊಂಟದ ಮಡಿಕೆಯ ಬಾಯಿಗೆ ಬಿಡಬೇಕು. ಇನ್ನು ಮುಂದಿನದೆಲ್ಲ ಬೆರಳಿನ ಲೋಕ. ಬಟ್ಟೆಯ ಒಳಗೆ ಆ ಗಟ್ಟಿ ಪುಟ್ಟ ಜೀವ ಕೈಗೆ ಸಿಗುತ್ತದೆ. ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಅದರ ಮೇಲೆ ತಂದು, ಆಮೇಲೆ ಹಿಂದಕ್ಕೆ ಎಳೆದು, ಮತ್ತೆ ನೆರಿಗೆ, ಮತ್ತೆ ಎಳೆತ... ಕಂಬಳಿಹುಳು ನಡೆದ ಹಾಗೆ ಅದು ಒಳಗೊಳಗೇ ಸಾಗುತ್ತದೆ. ಪಕ್ಕದ ದಪ್ಪ ಹೊಲಿಗೆಯ ಹತ್ತಿರ ಒಮ್ಮೆ ತಡೆಯುತ್ತದೆ. ಉಸಿರು ಹಿಡಿದು ಸ್ವಲ್ಪ ಓರೆ ಮಾಡಿದರೆ ದಾಟುತ್ತದೆ. ಇಡೀ ಸೊಂಟ ಸುತ್ತಿ ಮತ್ತೊಂದು ಬಾಯಿಯಲ್ಲಿ ಅದರ ಮೂತಿ ಫಳಕ್ ಅಂತ ಕಂಡಾಗಿನ ಸಂತೋಷವನ್ನು ನಾನು ಏಳು ವರ್ಷದವನಿದ್ದಾಗ ಅನುಭವಿಸಿದ್ದೇನೆ, ಮೊನ್ನೆಯೂ ಅನುಭವಿಸಿದೆ. ಗಂಡಸರು ಈ ಸುಖವನ್ನು ಬಿಟ್ಟುಕೊಟ್ಟು ಕೂತಿದ್ದಾರಲ್ಲ, ಅಯ್ಯೋ ಅನ್ನಿಸುತ್ತದೆ.

ಜರ್ಕಿನ್ನಿನ ಜೇಬಿನಲ್ಲಿ ತೂಗುತ್ತಿದ್ದ ಗೊಂಚಲು ನೋಡಿ ನನಗೆ ನೆನಪಾದದ್ದು ಯಳಂದೂರಿನ ಬಳೆಮಂಟಪ. ಗೌರೀಶ್ವರ ದೇವಸ್ಥಾನದ ಮಹಾದ್ವಾರ ಅದು. ಆ ಹೆಸರು ಬಂದದ್ದೇ ಮೂಲೆಗಳಲ್ಲಿ ಇಳಿಬಿಟ್ಟ ಕಲ್ಲುಬಳೆಗಳ ಸರಪಳಿಯಿಂದ. ಕಲ್ಲಿನಲ್ಲೇ ಬಿಡಿಸಿದ ಬಳೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಅಲ್ಲಿಗೆ ಹೋದಾಗಲೆಲ್ಲ ನಾನು ಬಳೆಗಿಂತ ಹೆಚ್ಚು ಹೊತ್ತು ಬಳೆಬಳೆಯ ನಡುವಿನ ತೆರಪನ್ನು ನೋಡುತ್ತೇನೆ. ಉಳಿಯ ಕೆಲಸ ಇರುವುದು ಅಲ್ಲಿ, ತೆಗೆದುಹಾಕಿದ ಕಲ್ಲಿನಲ್ಲಿ. ನಮ್ಮ ಹೆಂಗಸರು ಗಾಜಿನ ಬಳೆಗೆ ಪಿನ್ನು ಸಿಕ್ಕಿಸಿಕೊಂಡು ಓಡಾಡುವುದನ್ನು ನೋಡಿದಾಗಲೂ ಅದೇ ಆನಂದ: ಉಂಗುರದೊಳಗೆ ಉಂಗುರ, ಅದರೊಳಗೆ ಇನ್ನೊಂದು, ಎಲ್ಲವೂ ಬೇರೆ ಬೇರೆ, ಯಾವುದೂ ಬಿದ್ದುಹೋಗದು.

ಲಂಡನ್ನಿನ ಪಂಕ್ ಹುಡುಗರು 1970ರ ದಶಕದ ನಡುವಿನಲ್ಲಿ ಹರಿದ ಅಂಗಿಗೆ, ಕೆಲವರು ಕಿವಿಗೆ ಕೆನ್ನೆಗೆ ಕೂಡ, ಪಿನ್ನು ಸಿಕ್ಕಿಸಿ ಊರನ್ನು ಬೆಚ್ಚಿಬೀಳಿಸಿದರು. 1977ರಲ್ಲಿ ಝಾಂಡ್ರಾ ರೋಡ್ಸ್ ಅನ್ನುವ ವಿನ್ಯಾಸಕಿ ಮಣಿ ಪೋಣಿಸಿದ ಪಿನ್ನುಗಳಿಂದ ಬಟ್ಟೆಯ ಹರುಕನ್ನು ಸಿಂಗರಿಸಿದಳು. 1994ರಲ್ಲಿ ಎಲಿಜಬೆತ್ ಹರ್ಲಿ ತೊಟ್ಟ ವರ್ಸಾಚೆಯ ಕಪ್ಪು ಉಡುಪಿನ ಪಕ್ಕೆಯನ್ನು ಹಿಡಿದಿದ್ದವು ದಪ್ಪ ಚಿನ್ನದ ಬಣ್ಣದ ಪಿನ್ನುಗಳು. ಎಲ್ಲ ಚೆಂದವೇ. ಆದರೂ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ: ಕೂಗಿ ಕರೆಯುವ ಪಿನ್ನಿಗಿಂತ ಅವ್ವನ ಜಾಕೀಟಿನ ಆ ನಾಲ್ಕರ ಮೌನವೇ ನನಗೆ ಹಿಡಿಸುತ್ತದೆ. ಮಗಳ ಜರ್ಕಿನ್ನು ಎರಡರ ನಡುವೆ ಎಲ್ಲೋ ನಿಂತಿದೆ. ಕಾಲರು ಅವ್ವನದು, ಭುಜ ಲಂಡನ್ನಿನದು.

ಆ ರಾತ್ರಿ ಬಲತೋಳಿನ ಕೆಲಸ ಬಾಕಿ ಇತ್ತು. ಮೂವರೂ ಹಾಸಿಗೆ ಮೇಲೆ ಕೂತೆವು. ಕೊಳ್ಳೇಗಾಲದಿಂದ ತಂದ ಮೂರು ಗೊಂಚಲು ಬಿಚ್ಚಿ ತಟ್ಟೆಗೆ ಸುರಿದಾಗ ಬಿದ್ದ ರಾಶಿ, ಆಹಾ, ಹೊಸ ಅಕ್ಕಿ ನೋಡಿದಷ್ಟೇ ಸಮೃದ್ಧಿ. ಜೀನ್ಸ್ ಬಟ್ಟೆಯ ನೇಯ್ಗೆ ಓರೆಗೆರೆಯದು, ಬೆರಳಾಡಿಸಿದರೆ ತಿಳಿಯುತ್ತದೆ. ಆ ಗೆರೆಯ ಜಾಡಿನಲ್ಲೇ ಪಿನ್ನು ಇಟ್ಟರೆ ಒಂದೆರಡು ದಿನದಲ್ಲಿ ಜಾರಿ ಕತ್ತು ಬಗ್ಗಿಸುತ್ತದೆ. ಗೆರೆಗೆ ಅಡ್ಡವಾಗಿ, ಒಂದು ಕಚ್ಚಿಗೆ ನಾಲ್ಕೈದು ಎಳೆ ಹಿಡಿದರೆ ಹೇಳಿದಲ್ಲಿ ಕೂರುತ್ತದೆ. ಇದನ್ನು ನಾನೂ ಮಗಳೂ ಮೂರು ಪಿನ್ನು ಸೊಟ್ಟ ಮಾಡಿಕೊಂಡು ಕಲಿತೆವು. ಅವ್ವ ಮೊದಲ ಸಲಕ್ಕೇ ಸರಿಯಾಗಿ ಚುಚ್ಚಿದಳು; ಕೇಳಿದ್ದಕ್ಕೆ, ‘ಬಟ್ಟೆನೇ ಹೇಳ್ತದೆ ಕನ’ ಅಂದಳು.

ಆಮೇಲೆ ಅವಳು ಪೆಟ್ಟಿಗೆ ತೆಗೆದು ಕೊಳ್ಳೇಗಾಲದ ಮಗ್ಗದ ರೇಷ್ಮೆ ಸೀರೆ ತೋರಿಸಿದಳು, ನೇರಳೆ ಒಡಲು, ಅರಿಶಿನದ ಅಂಚು. ಸೆರಗು ಭುಜದ ಮೇಲೆ ನಿಲ್ಲುವ ಜಾಗದಲ್ಲಿ ಸಾಸಿವೆಯಷ್ಟು ಎರಡು ತೂತು. ಕಣ್ಣಿಗೆ ಹತ್ತಿರ ತಂದರೆ ಮಾತ್ರ ಕಾಣುವಂಥವು. ಒಂದೂ ಎಳೆ ಕಿತ್ತಿಲ್ಲ. ಅಷ್ಟು ವರ್ಷ, ಅಷ್ಟು ಮದುವೆಗಳಲ್ಲಿ ಅವಳು ಅದೇ ಎರಡು ತೂತಿಗೆ ಹುಡುಕಿ ಹುಡುಕಿ ಪಿನ್ನು ಹಾಕಿದ್ದಾಳೆ. ರೇಷ್ಮೆಗೆ ಚುಚ್ಚುವ ಮೊದಲು ಪಿನ್ನಿನ ಸುರುಳಿಯ ತನಕ ಒಂದು ಸಣ್ಣ ಮಣಿ ಪೋಣಿಸಬೇಕಂತೆ. ಇಲ್ಲದಿದ್ದರೆ ಸುರುಳಿ ಬಟ್ಟೆಯನ್ನು ಕಚ್ಚಿ ಅಗಿದುಬಿಡುತ್ತದೆ. ತಾಳಿ ಸರದ ಆ ಪಿನ್ನಿನಲ್ಲಿ ಕರಿಮಣಿ ಯಾಕಿತ್ತು ಅನ್ನುವುದು ಆಗ ಮೂವರಿಗೂ ಒಟ್ಟಿಗೇ ಹೊಳೆಯಿತು. ನಕ್ಕೆವು. ಮಗಳು ಕೂಡಲೇ ಕಾಲರಿನ ಸಾಲಿಗೆ ಅಲ್ಲೊಂದು ಇಲ್ಲೊಂದು ಕರಿಮಣಿ ಸೇರಿಸಿದಳು. ಬಿಳುಪಿನ ನಡುವೆ ಆ ಕಪ್ಪು ಚುಕ್ಕೆ ಬಿದ್ದದ್ದೇ ಕಾಲರಿಗೆ ಕಣ್ಣು ಬಂದಂತಾಯಿತು.

ಅವ್ವನಿಗೆ ಪಿನ್ನು ಕೊಡುವುದು ಮಾತ್ರ ಬಾಕಿ ಉಳಿದಿತ್ತು. ದೀಪ ಹಚ್ಚಿದ ಮೇಲೆ ಸೂಜಿ, ಉಪ್ಪು ಕೈಬದಲಾಗಬಾರದು ಅನ್ನುವ ಮನೆ ನಮ್ಮದು. ‘ಪಿನ್ನು ಸೂಜಿನಾ ಅಜ್ಜಿ?’ ಅಂತ ಹುಡುಗಿ ತಕರಾರು ತೆಗೆದಳು. ಅವ್ವ ಸ್ವಲ್ಪ ಯೋಚಿಸಿ, ಬಾಯಿ ಮುಚ್ಚಿದ್ದರೆ ಅಲ್ಲ, ತೆರೆದಿದ್ದರೆ ಹೌದು ಅಂತ ತೀರ್ಪು ಕೊಟ್ಟಳು. ಮುಚ್ಚಿದ ಪಿನ್ನನ್ನೇ ಕೊಟ್ಟದ್ದಾಯಿತು, ಮೀನಿನ ಮುಳ್ಳಿನ ಸಾಲಿನಿಂದ ಒಂದನ್ನು ಬಿಡಿಸಿ. ಅವ್ವ ಅದನ್ನು ಎರಡು ಸಲ ತೆರೆದು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿ, ಆಮೇಲೆ ಗೊಂಚಲಿಗೆ ಸೇರಿಸಿಕೊಂಡಳು.

ನೀವೂ ಜಾತ್ರೆಯಲ್ಲೋ ಬಳೆ ಅಂಗಡಿಯಲ್ಲೋ ಗೊಂಚಲು ಕೊಂಡಾಗ ಹಾಗೇ ಮಾಡಿ. ಒಂದೊಂದನ್ನೂ ತೆರೆದು ಮುಚ್ಚಿ ಕೇಳಿ. ಸ್ಪಷ್ಟವಾಗಿ ‘ಟಿಕ್’ ಅಂದದ್ದು ಜಾಕೀಟಿಗೆ. ಅನ್ನದ್ದು ಲಾಡಿಗೆ.